ಹೊಸ ಗಾಡಿಯಲ್ಲಿ ದುಡ್ಡು ಕೊಟ್ಟ ಸೌಲಭ್ಯವೇ ಇಲ್ಲದಿದ್ದರೆ?



ನಮ್ಮ ಸಂಘಗಳು ಶುರುವಾದ ಕಾಲದಲ್ಲಿ ಸಾಲ ಕೇಳುತ್ತಿದ್ದದ್ದು ಹಸು, ಕುರಿ, ಹೊಲಿಗೆ ಯಂತ್ರ, ಆಸ್ಪತ್ರೆ ಖರ್ಚು, ಮಕ್ಕಳ ಫೀಸು ಇಂಥದ್ದಕ್ಕೆ. ಈಗ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಸಂಘಗಳ ನಡವಳಿ ಪುಸ್ತಕದಲ್ಲಿ ಗಾಡಿ ಸಾಲವೂ ಕಾಣುತ್ತದೆ. ಡೈರಿಗೆ ಹಾಲು ಹಾಕಬೇಕು, ರೇಷ್ಮೆ ಗೂಡು ಮಾರುಕಟ್ಟೆಗೆ ಸಾಗಿಸಬೇಕು, ಗಾರ್ಮೆಂಟ್ಸ್ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಹೋಗಬೇಕು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ದಿನಕ್ಕೆ ಎರಡೇ ಸಲ ಬಸ್ಸು ಬರುವ ಊರಿನವರು ಏನು ಮಾಡಬೇಕು? ಹಾಗಾಗಿ ಸ್ಕೂಟರೋ ಮೊಪೆಡ್ಡೋ ಈಗ ಶೋಕಿ ಅಲ್ಲ, ಹೊಟ್ಟೆಪಾಡಿನ ಸಾಮಾನು.

ಈ ಸಲ ಗಾಡಿ ಕೊಳ್ಳುವಾಗ ಆಗುವ ಒಂದೇ ಒಂದು ಮೋಸದ ಬಗ್ಗೆ ತಿಳಿದುಕೊಳ್ಳೋಣ. ಮೋಸ ಅನ್ನುವುದಕ್ಕಿಂತ ಕೆಲವು ಸಲ ಬರೀ ಅಜಾಗರೂಕತೆಯೂ ಇರುತ್ತದೆ. ನಷ್ಟ ಮಾತ್ರ ಎರಡರಲ್ಲೂ ನಮ್ಮದೇ. ಅದೇನೆಂದರೆ, ಕಂಪನಿಯಿಂದಲೇ ಹಾಕಿ ಬರುವ ಒಂದು ಸೌಲಭ್ಯಕ್ಕೆ ನೀವು ಹೆಚ್ಚಿನ ಹಣ ಕೊಟ್ಟಿರುತ್ತೀರಿ, ಗಾಡಿ ಮನೆಗೆ ಬಂದ ಮೇಲೆ ನೋಡಿದರೆ ಅದು ಇರುವುದಿಲ್ಲ.

ಹೀಗೆ ಇಟ್ಟುಕೊಳ್ಳಿ. ರಾಮಾಪುರದ ಕಡೆಯ ಒಬ್ಬ ಸದಸ್ಯೆ ಸಂಘದಲ್ಲಿ ಸಾಲ ಪಡೆದು ಸ್ಕೂಟರ್ ಕೊಳ್ಳುತ್ತಾರೆ. ಬೆಟ್ಟದ ಇಳಿಜಾರಿನಲ್ಲಿ ಓಡಿಸಬೇಕು, ಹಿಂದೆ ಮಗು ಕೂತಿರುತ್ತದೆ, ಆದ್ದರಿಂದ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವುದೇ ಬೇಕು ಎಂದು ಕೇಳಿ ಅದರ ಬೆಲೆಯನ್ನೇ ಕೊಟ್ಟಿರುತ್ತಾರೆ. ಗಾಡಿಗೆ ಹೂವು ಹಾಕಿ, ನಿಂಬೆಹಣ್ಣು ಇಟ್ಟು ಮನೆಗೆ ತಂದದ್ದಾಯಿತು. ನಾಲ್ಕನೇ ದಿನ ಪಕ್ಕದ ಮನೆ ಹುಡುಗ, "ಅಕ್ಕಾ, ಇದು ಡ್ರಮ್ ಬ್ರೇಕ್ ಗಾಡಿ ಕಣಕ್ಕ, ಡಿಸ್ಕ್ ಎಲ್ಲದೆ?" ಅಂದಾಗಲೇ ಗೊತ್ತಾಗುವುದು. ಶೋರೂಮಿಗೆ ಫೋನ್ ಮಾಡಿದರೆ, "ನಂಬರ್ ಬಂದಾಯ್ತಲ್ಲ ಮೇಡಂ, ಈಗೇನು ಮಾಡಕ್ಕಾಗಲ್ಲ" ಎಂಬ ಉತ್ತರ. ಎರಡು ಗಾಡಿಗಳ ಬೆಲೆಯಲ್ಲಿ 6,000 ರೂಪಾಯಿ ವ್ಯತ್ಯಾಸ ಎಂದುಕೊಳ್ಳಿ. ಸಂಘದ ಬಡ್ಡಿ ನೂರಕ್ಕೆ ತಿಂಗಳಿಗೆ 2 ರೂಪಾಯಿ ಇದ್ದರೆ, ಆ ಇಲ್ಲದ ಬ್ರೇಕಿಗಾಗಿ ಅಸಲು ತೀರುವ ತನಕ ತಿಂಗಳಿಗೆ 120 ರೂಪಾಯಿ, ವರ್ಷಕ್ಕೆ 1,440 ರೂಪಾಯಿ ಬಡ್ಡಿ ಕಟ್ಟಬೇಕು. ದುಡ್ಡಿನ ಮಾತು ಹಾಗಿರಲಿ, ಇಳಿಜಾರಿನ ತಿರುವಿನಲ್ಲಿ ಬೇಕಾಗಿದ್ದ ಬ್ರೇಕೇ ಇಲ್ಲ.

ಇದು ಹೇಗೆ ಆಗುತ್ತದೆ?

ಒಂದೇ ಹೆಸರಿನ ಗಾಡಿಯಲ್ಲಿ ಮೂರು ನಾಲ್ಕು ತರ ಇರುತ್ತವೆ. ಶೋರೂಮಿನವರು ಇದನ್ನು ವೇರಿಯಂಟ್ ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಕಾಣುವ ಎಕ್ಸ್ಎಲ್ 100 ಮೊಪೆಡ್ಡನ್ನೇ ತೆಗೆದುಕೊಳ್ಳಿ. ಕಾಲಿನಿಂದ ಒದ್ದು ಸ್ಟಾರ್ಟ್ ಮಾಡುವುದೂ ಬಂದಿದೆ, ಬಟನ್ ಒತ್ತಿದರೆ ಸ್ಟಾರ್ಟ್ ಆಗುವುದೂ ಬಂದಿದೆ. 125 ಸಿಸಿ ಸ್ಕೂಟರ್‌ಗಳಲ್ಲಿ ಡ್ರಮ್ ಬ್ರೇಕಿನದು, ಡಿಸ್ಕ್ ಬ್ರೇಕಿನದು, ಕಬ್ಬಿಣದ ಚಕ್ರದ್ದು, ಅಲಾಯ್ ಚಕ್ರದ್ದು ಎಂದು ಬೇರೆ ಬೇರೆ ಬಂದಿವೆ. ಬಣ್ಣ ಒಂದೇ, ಹೆಸರು ಒಂದೇ, ಬೆಲೆ ಮಾತ್ರ ಬೇರೆ. ಗೋಡೆಯ ಮೇಲೆ ಅಂಟಿಸಿದ ಚಿತ್ರದಲ್ಲಿರುವುದು ಬಹಳ ಸಲ ಎಲ್ಲಕ್ಕಿಂತ ದುಬಾರಿಯದು. ಕೆಳಗೆ ಸಣ್ಣ ಅಕ್ಷರದಲ್ಲಿ, ಈ ಸೌಲಭ್ಯಗಳು ಎಲ್ಲ ಮಾದರಿಯಲ್ಲಿ ಇರುವುದಿಲ್ಲ ಎಂದು ಬರೆದಿರುತ್ತದೆ. ಓದಲು ಕನ್ನಡಕ ಸಾಲದು, ಭೂತಗನ್ನಡಿಯೇ ಬೇಕು.

ನಾವು ಮಾತಾಡುವುದು ಬಾಯಲ್ಲಿ. ಸೇಲ್ಸ್ ಹುಡುಗ "ಆಯ್ತಕ್ಕ, ಅದೇ ಕೊಡ್ತೀವಿ" ಅನ್ನುತ್ತಾನೆ. ಬುಕಿಂಗ್ ಚೀಟಿಯಲ್ಲಿ ಗಾಡಿಯ ಹೆಸರು ಮತ್ತು ಬಣ್ಣ ಮಾತ್ರ ಬರೆಯುತ್ತಾನೆ. ಹಬ್ಬದ ಮುಂಚೆ ನೂಕುನುಗ್ಗಲು, ಗೋಡೌನಿನಲ್ಲಿ ಯಾವುದು ಇದೆಯೋ ಅದು ನಿಮ್ಮ ಹೆಸರಿಗೆ ಬರುತ್ತದೆ. ಡೆಲಿವರಿ ದಿನ ಆ ಹುಡುಗ ರಜೆಯಲ್ಲಿ, ಕೊಡುವವನು ಬೇರೆ. ಯಾರೂ ಬೇಕೆಂದು ಮೋಸ ಮಾಡಬೇಕಾಗಿಯೇ ಇಲ್ಲ. ಬರವಣಿಗೆ ಇಲ್ಲದಿದ್ದರೆ ಸಾಕು, ಹೀಗಾಗುತ್ತದೆ.

ಇಲ್ಲಿ ಒಂದು ವ್ಯತ್ಯಾಸ ಚೆನ್ನಾಗಿ ತಿಳಿದಿರಬೇಕು. ಫ್ಯಾಕ್ಟರಿಯಲ್ಲಿ ಹಾಕಿ ಬರುವುದು ಒಂದು, ಶೋರೂಮಿನಲ್ಲಿ ಹಾಕುವುದು ಇನ್ನೊಂದು. ಮ್ಯಾಟು, ಸೀಟ್ ಕವರ್, ಸುತ್ತಲಿನ ಕ್ರ್ಯಾಶ್ ಗಾರ್ಡು, ಮುಂದಿನ ಬುಟ್ಟಿ ಇವೆಲ್ಲ ಶೋರೂಮಿನಲ್ಲಿ ಹಾಕುವ ಸಾಮಾನು. ಬಿಟ್ಟುಹೋಗಿದ್ದರೆ ಅರ್ಧ ಗಂಟೆಯಲ್ಲಿ ಹಾಕಿಸಿಕೊಳ್ಳಬಹುದು, ಇಲ್ಲವೇ ಅದರ ದುಡ್ಡು ವಾಪಸ್ ಕೇಳಬಹುದು. ಡಿಸ್ಕ್ ಬ್ರೇಕ್, ಸೆಲ್ಫ್ ಸ್ಟಾರ್ಟ್ ಹಾಗಲ್ಲ. ಡಿಸ್ಕ್ ಬೇಕೆಂದರೆ ಮುಂದಿನ ಚಕ್ರದ ಹಬ್, ಫೋರ್ಕು, ಹ್ಯಾಂಡಲ್ ಮೇಲಿನ ಎಣ್ಣೆ ಡಬ್ಬಿ, ಪೈಪು ಎಲ್ಲವೂ ಬೇರೆಯೇ ಇರಬೇಕು. ಸೆಲ್ಫ್ ಸ್ಟಾರ್ಟ್ ಎಂದರೆ ಮೋಟಾರು, ದೊಡ್ಡ ಬ್ಯಾಟರಿ, ಎಂಜಿನ್ ಒಳಗಿನ ಹಲ್ಲುಚಕ್ರ. "ಹೊರಗಡೆ ಮೆಕ್ಯಾನಿಕ್ ಹತ್ರ ಹಾಕಿಸಿಕೊಡ್ತೀವಿ ಬುಡಿ" ಎಂದರೆ ಒಪ್ಪಬೇಡಿ. ಕಂಪನಿಯ ಗ್ಯಾರಂಟಿ ಹೋಗಬಹುದು. ಜೊತೆಗೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ, ಕಂಪನಿ ಮಾಡಿದ ರೀತಿಗೆ ವಿರುದ್ಧವಾಗಿ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ಅಂಥ ಸಮಯದಲ್ಲಿ ಕೇಳಬೇಕಾದದ್ದು ಎರಡೇ. ಗಾಡಿಯನ್ನೇ ಬದಲಾಯಿಸಿ ಕೊಡಿ, ಇಲ್ಲವೇ ವ್ಯತ್ಯಾಸದ ಹಣ ಮತ್ತು ನಷ್ಟ ಕೊಡಿ.

ಇನ್ನು ಕೆಲವು ಸಾಮಾನು ಕಾನೂನಿನ ಪ್ರಕಾರ ಗಾಡಿಯ ಜೊತೆಗೇ ಬರಬೇಕು, ಅದಕ್ಕೆ ಬೇರೆ ದುಡ್ಡು ಕೇಳಿದರೆ ಪ್ರಶ್ನೆ ಮಾಡಿ. ಬೈಕಿನ ಹಿಂದಿನ ಚಕ್ರದ ಅರ್ಧ ಭಾಗವಾದರೂ ಮುಚ್ಚುವ ಗಾರ್ಡು, ಅಂದರೆ ನಾವು ಸೀರೆ ಗಾರ್ಡ್ ಎನ್ನುವುದು, ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಫುಟ್‌ರೆಸ್ಟ್ ಇವು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮದಲ್ಲಿ ಇವೆ. ಸೆರಗು ಚಕ್ರಕ್ಕೆ ಸಿಕ್ಕಿ ಬಿದ್ದವರನ್ನು ನೀವೂ ನೋಡಿರುತ್ತೀರಿ, ಹೆಚ್ಚು ಹೇಳಬೇಕಾಗಿಲ್ಲ. ಅದೇ ನಿಯಮಗಳ 138ನೇ ನಿಯಮದಲ್ಲಿ, ದ್ವಿಚಕ್ರ ವಾಹನ ಕೊಳ್ಳುವಾಗ ಐಎಸ್‌ಐ ಗುಣಮಟ್ಟದ ಹೆಲ್ಮೆಟ್ ಅನ್ನು ಕಂಪನಿಯೇ ಕೊಡಬೇಕು ಎಂದಿದೆ. 2019ರ ಏಪ್ರಿಲ್ 1ರಿಂದ ತಯಾರಾದ ಗಾಡಿಗಳಿಗೆ ಹೆಚ್ಚಿನ ಸುರಕ್ಷತೆಯ ನಂಬರ್ ಪ್ಲೇಟ್ ಕೂಡ ಗಾಡಿಯ ಜೊತೆಗೇ ಬರುತ್ತದೆ. ಅದೇ ದಿನಾಂಕದಿಂದ 125 ಸಿಸಿ ತನಕದ ಗಾಡಿಗಳಿಗೆ ಸಿಬಿಎಸ್ ಎಂಬ ಜೋಡಿ ಬ್ರೇಕ್ ವ್ಯವಸ್ಥೆ ಇಲ್ಲವೇ ಎಬಿಎಸ್, ಅದಕ್ಕಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಆದ್ದರಿಂದ ಸಣ್ಣ ಸ್ಕೂಟರಿಗೆ "ಸಿಬಿಎಸ್ ಇದೆ, ಅದಕ್ಕೇ ರೇಟು ಜಾಸ್ತಿ" ಎಂದರೆ ನಂಬಬೇಡಿ. ಸಿಬಿಎಸ್ ಬೇರೆ, ಡಿಸ್ಕ್ ಬೇರೆ.

ಬೆಂಗಳೂರಿನಲ್ಲಿ ನಡೆದದ್ದು

ಇದು ಬರೀ ಸಣ್ಣ ಊರಿನ ಸಮಸ್ಯೆ ಅಂದುಕೊಳ್ಳಬೇಡಿ. ಕರೆಂಟ್ ಸ್ಕೂಟರ್‌ಗಳ ವಿಷಯದಲ್ಲಿ 2023ರಲ್ಲಿ ದೇಶಕ್ಕೆಲ್ಲ ಗೊತ್ತಾದ ಸಂಗತಿ ಒಂದಿದೆ. ಆಗ ಕೇಂದ್ರ ಸರ್ಕಾರದ ಫೇಮ್ ಯೋಜನೆಯಲ್ಲಿ ಸಬ್ಸಿಡಿ ಸಿಗಬೇಕಾದರೆ ಸ್ಕೂಟರಿನ ಬೆಲೆ ಒಂದೂವರೆ ಲಕ್ಷ ರೂಪಾಯಿ ಮೀರಬಾರದೆಂಬ ಮಿತಿ ಇತ್ತು. ಕೆಲವು ಕಂಪನಿಗಳು ಗಾಡಿಯ ಬೆಲೆಯನ್ನು ಮಿತಿಯೊಳಗೆ ತೋರಿಸಿ, ಚಾರ್ಜರಿಗೆ ಬೇರೆ ದುಡ್ಡು ತೆಗೆದುಕೊಂಡಿದ್ದವು. ಚಾರ್ಜರ್ ಇಲ್ಲದೆ ಕರೆಂಟ್ ಸ್ಕೂಟರ್ ತೆಗೆದುಕೊಂಡು ಏನು ಮಾಡುವುದು? ಒಲೆ ಕೊಟ್ಟು ಬರ್ನರಿಗೆ ಬೇರೆ ಬಿಲ್ಲು ಹಾಕಿದ ಹಾಗೆ. ಸರ್ಕಾರ ಪ್ರಶ್ನೆ ಮಾಡಿದ ಮೇಲೆ ಬೆಂಗಳೂರಿನ ಓಲಾ ಮತ್ತು ಏಥರ್, ಹೊಸೂರಿನ ಟಿವಿಎಸ್, ಹೀರೋದವರ ವಿಡಾ ಈ ನಾಲ್ಕೂ ಕಂಪನಿಗಳು ಚಾರ್ಜರಿಗೆ ಪಡೆದ ಹಣವನ್ನು ಗ್ರಾಹಕರಿಗೆ ಹಿಂದಿರುಗಿಸಲು ಒಪ್ಪಿದವು.

ಇದರಿಂದ ನಮಗೆ ಎರಡು ವಿಷಯ ತಿಳಿಯುತ್ತದೆ. ದೊಡ್ಡ ಕಂಪನಿಯಾದರೂ ಕೇಳಿದರೆ ವಾಪಸ್ ಬರುತ್ತದೆ. ಎರಡನೆಯದು, ಬಿಲ್ಲಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಸಾಲು ಇರಬೇಕು. ಎಲ್ಲ ಸೇರಿ ಇಷ್ಟು ಎಂಬ ಒಂದೇ ಮೊತ್ತದಲ್ಲಿ ಯಾವುದಕ್ಕೆ ಎಷ್ಟು ಕೊಟ್ಟೆವು ಎಂದು ಹೇಳುವುದು ಹೇಗೆ? ಕರೆಂಟ್ ಸ್ಕೂಟರ್ ಕೊಳ್ಳುವವರು ಇನ್ನೂ ಹೆಚ್ಚು ಎಚ್ಚರವಾಗಿರಬೇಕು, ಯಾಕೆಂದರೆ ಅದರ ಬ್ಯಾಟರಿ ದೊಡ್ಡದೋ ಚಿಕ್ಕದೋ ಹೊರಗಿನಿಂದ ಕಾಣುವುದಿಲ್ಲ. ಬ್ಯಾಟರಿ ಎಷ್ಟು ಕಿಲೋವ್ಯಾಟ್ ಅವರ್ ಎಂಬ ಅಂಕೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೆಲವು ಸೌಲಭ್ಯ ಸಾಫ್ಟ್‌ವೇರ್ ರೂಪದಲ್ಲಿ, ಬೇರೆ ಹಣಕ್ಕೆ ಕೊಡುತ್ತಾರೆ. ದುಡ್ಡು ಕೊಟ್ಟಿದ್ದರೆ ಅದನ್ನು ಶೋರೂಮಿನಲ್ಲೇ ಆನ್ ಮಾಡಿಸಿ, ಮೀಟರಿನಲ್ಲಿ ತೋರಿಸಿ ಎಂದು ಕೇಳಿ.

ಎರಡು ಸಲ ನೋಡಬೇಕು

ಬಹಳ ಮಂದಿ ಡೆಲಿವರಿ ದಿನ ಮಾತ್ರ ಗಾಡಿ ನೋಡುತ್ತಾರೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ. 2019ರ ತಿದ್ದುಪಡಿಯ ನಂತರ, ನಮ್ಮ ರಾಜ್ಯದಲ್ಲೇ ಕೊಂಡು ಇಲ್ಲೇ ನೋಂದಾಯಿಸುವ ಹೊಸ ಗಾಡಿಗೆ ಡೀಲರೇ ಅರ್ಜಿ ಹಾಕಿ, ನಂಬರ್ ಬಂದ ಮೇಲೆಯೇ ಗಾಡಿ ಕೊಡಬೇಕು. ಅಂದರೆ ಕೆಎ 10 ಎಂದು ಪ್ಲೇಟ್ ಹಾಕಿ ಗಾಡಿ ನಿಮ್ಮ ಕೈಗೆ ಬರುವಾಗ ತೆರಿಗೆ ಕಟ್ಟಿ ಆಗಿದೆ, ಇನ್ಶೂರೆನ್ಸ್ ಆಗಿದೆ, ಗಾಡಿ ನಿಮ್ಮ ಹೆಸರಿಗೆ ಸೇರಿಬಿಟ್ಟಿದೆ. ಆಗ ಬದಲಾಯಿಸಿ ಕೊಡಿ ಎಂದರೆ ಅವರಿಗೂ ಕಷ್ಟ. ಆದ್ದರಿಂದಲೇ ತಕರಾರು ಮಾಡುತ್ತಾರೆ.

ಹಾಗಾಗಿ ಮೊದಲ ಸಲ, ಬಿಲ್ಲು ಹಾಕುವ ಮುಂಚೆಯೇ, "ನನಗೆ ಕೊಡುವ ಗಾಡಿ ಯಾವುದು ತೋರಿಸಿ" ಎಂದು ಕೇಳಿ. ಶೋರೂಮಿನಲ್ಲಿ ನಿಲ್ಲಿಸಿರುವುದಲ್ಲ, ನಿಮ್ಮದು. ಅದರ ಚಾಸಿಸ್ ನಂಬರಿನ ಕೊನೆಯ ಐದಾರು ಅಂಕೆ ಬರೆದುಕೊಳ್ಳಿ ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ನೋಡಬೇಕಾದ್ದನ್ನು ನೋಡಿ. ಡಿಸ್ಕ್ ಬ್ರೇಕ್ ಇದ್ದರೆ ಮುಂದಿನ ಚಕ್ರದ ಪಕ್ಕದಲ್ಲಿ ತೂತು ತೂತಿನ ಉಕ್ಕಿನ ತಟ್ಟೆ ಕಾಣುತ್ತದೆ, ಬಲಗೈ ಹ್ಯಾಂಡಲಿನ ಬಳಿ ಎಣ್ಣೆಯ ಪುಟ್ಟ ಡಬ್ಬಿ ಇರುತ್ತದೆ. ಡ್ರಮ್ ಆದರೆ ಚಕ್ರದ ಮಧ್ಯೆ ಮುಚ್ಚಿದ ಗುಂಡನೆಯ ಲೋಹ, ಅದಕ್ಕೆ ಒಂದು ಕೇಬಲ್, ಅಷ್ಟೇ. ಸೆಲ್ಫ್ ಸ್ಟಾರ್ಟ್ ಇದ್ದರೆ ಬಲ ಹೆಬ್ಬೆರಳಿಗೆ ಸಿಗುವ ಬಟನ್ ಇರುತ್ತದೆ, ನೀವೇ ಒತ್ತಿ ನೋಡಿ. ಟ್ಯೂಬ್‌ಲೆಸ್ ಟೈರಾದರೆ ಟೈರಿನ ಪಕ್ಕದಲ್ಲೇ ಇಂಗ್ಲಿಷಿನಲ್ಲಿ ಅಚ್ಚೊತ್ತಿರುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ಸಂಘದ ಇನ್ನೊಬ್ಬ ಸದಸ್ಯೆಯೂ ಬಂದರೆ ಇನ್ನೂ ಒಳ್ಳೆಯದು. ಮುಂದೆ ಸಾಕ್ಷಿಯೂ ಆಗುತ್ತದೆ.

ಎರಡನೇ ಸಲ ಡೆಲಿವರಿ ದಿನ. ಬಿಲ್ಲಿನ ಚಾಸಿಸ್ ನಂಬರ್, ಗಾಡಿಯ ಮೇಲಿನ ನಂಬರ್, ನೀವು ಮೊದಲೇ ಬರೆದುಕೊಂಡದ್ದು ಮೂರೂ ಒಂದೇ ಆಗಿರಬೇಕು. ಹೂವು ಹಾಕಿ ಫೋಟೋ ತೆಗೆಯುವ ಸಡಗರದಲ್ಲಿ "ಎಲ್ಲಾ ಸರಿಯಾಗಿ ತಲುಪಿದೆ" ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಮೊದಲು ನೋಡಿ, ಆಮೇಲೆ ಸಹಿ. ಏನಾದರೂ ಕಮ್ಮಿ ಇದ್ದರೆ ಅದೇ ಕಾಗದದ ಮೇಲೆ "ಇಂಥದ್ದು ಬಂದಿಲ್ಲ" ಎಂದು ಕನ್ನಡದಲ್ಲೇ ಬರೆದು ಸಹಿ ಮಾಡಿ, ಫೋಟೋ ತೆಗೆದುಕೊಳ್ಳಿ. ಖಾಲಿ ಫಾರಂಗೆ ಸಹಿ ಹಾಕಬೇಡಿ, ನೋಂದಣಿಯ 20ನೇ ನಮೂನೆ ಆದರೂ ಸರಿ, ಬ್ಯಾಂಕಿನ ಕಾಗದವಾದರೂ ಸರಿ.

ಕಾಗದ ಪತ್ರಗಳು

ಬ್ಯಾಂಕ್ ಸಾಲಕ್ಕೆ ಕೊಟೇಶನ್ ಕೊಟ್ಟಿರುತ್ತೀರಿ. ಆ ಕೊಟೇಶನ್ ದೊಡ್ಡ ಸಾಕ್ಷಿ. ನಿಮ್ಮ ಹತ್ತಿರ ಪ್ರತಿ ಇಲ್ಲದಿದ್ದರೂ ಬ್ಯಾಂಕಿನ ಸಾಲದ ಫೈಲಿನಲ್ಲಿ ಇರುತ್ತದೆ, ಜೆರಾಕ್ಸ್ ಕೇಳಿ ಪಡೆಯಿರಿ. ಕೊಟೇಶನ್, ಬಿಲ್ಲು, ಇನ್ಶೂರೆನ್ಸ್ ಪಾಲಿಸಿ, ಆರ್‌ಸಿ ಈ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟು ಗಾಡಿಯ ಮಾದರಿಯ ಹೆಸರು ಒಂದೇ ಇದೆಯೇ ನೋಡಿ. ಎಸ್‌ಟಿಡಿ ಎಂದರೆ ಸಾಧಾರಣ ಮಾದರಿ, ಡಿಎಲ್‌ಎಕ್ಸ್ ಎಂದರೆ ಡಿಲಕ್ಸ್. ಡ್ರಮ್, ಡಿಸ್ಕ್ ಎಂದು ಪೂರ್ತಿ ಬರೆದಿರುವುದೂ ಉಂಟು. ಅರ್ಥವಾಗದ ಅಕ್ಷರ ಇದ್ದರೆ ಏನೆಂದು ಕೇಳುವುದಕ್ಕೆ ನಾಚಿಕೆ ಬೇಡ. ಮಾರಾಟ ಪತ್ರವಾದ 21ನೇ ನಮೂನೆಯಲ್ಲಿ ಗಾಡಿ ತಯಾರಾದ ತಿಂಗಳು, ವರ್ಷ ಕೂಡ ಇರುತ್ತದೆ, ಅದನ್ನೂ ನೋಡಿ. ಹಣವನ್ನು ಶೋರೂಮಿನ ಖಾತೆಗೇ ಕಟ್ಟಿ. ಸೇಲ್ಸ್ ಹುಡುಗನ ಸ್ವಂತ ಫೋನ್ ನಂಬರಿಗೆ ಕಳಿಸಿದ ಹಣ ಶೋರೂಮಿನ ಲೆಕ್ಕದಲ್ಲಿ ಇರುವುದಿಲ್ಲ.

ಇಲ್ಲಿ ನನಗೆ ಒಂದು ಮಾತು ಹೇಳಲೇಬೇಕು ಅನಿಸುತ್ತದೆ. ಸಾಲ ಹೆಂಡತಿಯ ಹೆಸರಿನಲ್ಲಿ, ಕಂತು ಕಟ್ಟುವುದು ಹೆಂಡತಿ, ಬಿಲ್ಲು ಮತ್ತು ಆರ್‌ಸಿ ಮಾತ್ರ ಗಂಡನ ಹೆಸರಿನಲ್ಲಿ. ಇದು ನಮ್ಮ ಕಡೆ ಸಾಮಾನ್ಯ. ಕೊಂಡವರ ಒಪ್ಪಿಗೆಯಿಂದ ಬಳಸುವವರೂ ಗ್ರಾಹಕರೇ ಎಂದು ಕಾನೂನು ಹೇಳುತ್ತದೆ, ಆದರೂ ದೂರು ಕೊಡುವಾಗ ಬಿಲ್ಲಿನಲ್ಲಿ ನಿಮ್ಮ ಹೆಸರೇ ಇದ್ದರೆ ಕೆಲಸ ಸಲೀಸು. ದುಡಿದು ಕಟ್ಟುವವರ ಹೆಸರಿನಲ್ಲೇ ಗಾಡಿ ಇರಲಿ.

ಇಲ್ಲವೆಂದು ಗೊತ್ತಾದ ಮೇಲೆ

ಮೊದಲು ಬಿಲ್ಲು ತೆಗೆದು ನೋಡಿ. ಬಿಲ್ಲಿನಲ್ಲಿ ಡಿಸ್ಕ್ ಮಾದರಿ ಎಂದಿದ್ದು ಗಾಡಿಯಲ್ಲಿ ಡ್ರಮ್ ಇದ್ದರೆ ನಿಮ್ಮ ದೂರು ಬಹಳ ಗಟ್ಟಿ. ಪ್ರತಿ ಚಾಸಿಸ್ ನಂಬರಿನ ಗಾಡಿ ಯಾವ ಮಾದರಿಯಾಗಿ ಫ್ಯಾಕ್ಟರಿಯಿಂದ ಹೊರಟಿತು ಎಂಬ ದಾಖಲೆ ಕಂಪನಿಯಲ್ಲಿ ಇರುತ್ತದೆ. ಕಂಪನಿಯ ಗ್ರಾಹಕ ಸೇವೆಗೆ ಆ ನಂಬರ್ ಕೊಟ್ಟು ಬರವಣಿಗೆಯಲ್ಲಿ ಉತ್ತರ ಕೇಳಿ. ಬಿಲ್ಲಿನಲ್ಲೇ ಡ್ರಮ್ ಎಂದು, ಡ್ರಮ್ಮಿನ ಬೆಲೆಯೇ ಇದ್ದು, ನೀವು ಕೊಟೇಶನ್ ಪ್ರಕಾರ ಹೆಚ್ಚು ಕಟ್ಟಿದ್ದರೆ, ಆ ಹೆಚ್ಚಿನ ಹಣ ಎಲ್ಲಿ ಹೋಯಿತು ಎಂಬುದೇ ಪ್ರಶ್ನೆ. ಇಲ್ಲಿ ಹಣ ವಾಪಸ್ ಪಡೆಯುವುದು ಸುಲಭ, ಗಾಡಿ ಬದಲಾಯಿಸಿಕೊಳ್ಳುವುದು ಕಷ್ಟ. ಬರೀ ಬಾಯಿಮಾತು ಇದ್ದರೆ ದೂರು ದುರ್ಬಲ. ಆಗ ವಾಟ್ಸಾಪ್ ಮೆಸೇಜು, ಬೆಲೆ ಬರೆದುಕೊಟ್ಟ ಚೀಟಿ, ಹಣ ಕಳಿಸಿದ ದಾಖಲೆ, ಜೊತೆಗೆ ಬಂದಿದ್ದವರ ಮಾತು ಎಲ್ಲವನ್ನೂ ಜೋಡಿಸಿಕೊಳ್ಳಬೇಕಾಗುತ್ತದೆ.

ಎರಡು ಕೆಲಸ ಮಾಡಬೇಡಿ. ಸಿಟ್ಟಿನಲ್ಲಿ ಬ್ಯಾಂಕಿನ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟವರಿಗೂ ಶೋರೂಮಿನ ಜಗಳಕ್ಕೂ ಸಂಬಂಧವಿಲ್ಲ, ಗಾಡಿ ಎಳೆದುಕೊಂಡು ಹೋದರೆ ಎರಡೂ ಕಳೆದುಕೊಂಡ ಹಾಗೆ. ಗಾಡಿ ಬದಲಾಯಿಸಿ ಕೊಡಿ ಎಂದು ಕೇಳುವವರು ತಿಂಗಳುಗಟ್ಟಲೆ ಸುಮ್ಮನೆ ಓಡಿಸಿಕೊಂಡೂ ಇರಬೇಡಿ. ಗೊತ್ತಾದ ದಿನವೇ ಮೀಟರಿನ ಕಿಲೋಮೀಟರ್ ಫೋಟೋ ತೆಗೆದು, ಪತ್ರ ಬರೆಯಿರಿ. ಫೋನಿನಲ್ಲಿ ಎಷ್ಟು ಸಲ ಮಾತಾಡಿದರೂ ದಾಖಲೆ ಆಗುವುದಿಲ್ಲ. ಪತ್ರ ಹೀಗಿರಲಿ:

"ವ್ಯವಸ್ಥಾಪಕರಿಗೆ. ನಾನು ಇಂಥ ದಿನಾಂಕದಂದು, ಇಂಥ ಬಿಲ್ ನಂಬರಿನಲ್ಲಿ, ನಿಮ್ಮಲ್ಲಿ ಇಂಥ ಸ್ಕೂಟರ್ ಕೊಂಡಿರುತ್ತೇನೆ. ಚಾಸಿಸ್ ನಂಬರ್ ಇಂಥದ್ದು. ಕೊಟೇಶನ್ ಪ್ರಕಾರ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇರುವ ಮಾದರಿಯ ಬೆಲೆ ಇಷ್ಟು ರೂಪಾಯಿ ಕೊಟ್ಟಿರುತ್ತೇನೆ. ನನಗೆ ಕೊಟ್ಟ ಗಾಡಿಯಲ್ಲಿ ಡಿಸ್ಕ್ ಬ್ರೇಕ್ ಇರುವುದಿಲ್ಲ. ಇದು ಇಂಥ ದಿನ ನನ್ನ ಗಮನಕ್ಕೆ ಬಂತು. ಆ ದಿನ ಗಾಡಿ ಇಷ್ಟು ಕಿಲೋಮೀಟರ್ ಓಡಿತ್ತು. 15 ದಿನದೊಳಗೆ ಸರಿಯಾದ ಮಾದರಿಯ ಗಾಡಿ ಕೊಡಬೇಕು, ಇಲ್ಲವೇ ವ್ಯತ್ಯಾಸದ ಹಣವನ್ನೂ ನನಗಾದ ಖರ್ಚನ್ನೂ ಕೊಡಬೇಕು. ತಪ್ಪಿದಲ್ಲಿ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ಲು ಮತ್ತು ಕೊಟೇಶನ್ ಪ್ರತಿ ಲಗತ್ತಿಸಿದೆ."

ಕೆಳಗೆ ಸಹಿ, ವಿಳಾಸ, ದಿನಾಂಕ ಹಾಕಿ. ಒಂದು ಪ್ರತಿ ಶೋರೂಮಿಗೆ, ಒಂದು ಕಂಪನಿಯ ಗ್ರಾಹಕ ಸೇವೆಗೆ, ಒಂದು ನಿಮ್ಮ ಹತ್ತಿರ. ಕೈಯಲ್ಲಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನವಾಗಿಡಿ. ಮೊದಲಿನ ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ.

ಕಂಪನಿಗೂ ಡೀಲರಿಗೂ ಇಬ್ಬರಿಗೂ ಬರೆಯಬೇಕು ಎನ್ನುವುದಕ್ಕೆ ಕಾರಣವಿದೆ. ಗೋವಾದ ಒಬ್ಬ ಗ್ರಾಹಕರು 2011ರಲ್ಲಿ ಹೊಸ ಟಾಟಾ ಕಾರಿಗೆ ಹಣ ಕೊಟ್ಟರು. ಕೊಟ್ಟದ್ದು 2009ರಲ್ಲಿ ತಯಾರಾದದ್ದು, ಆಗಲೇ 622 ಕಿಲೋಮೀಟರ್ ಓಡಿತ್ತು. ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. 2021ರ ಫೆಬ್ರವರಿಯಲ್ಲಿ ಕೋರ್ಟು, ಡೀಲರ್ ಮಾಡಿದ್ದು ಕಂಪನಿಗೆ ಗೊತ್ತಿತ್ತು ಎಂದು ತೋರಿಸದಿದ್ದರೆ ಕಂಪನಿಯನ್ನು ಹೊಣೆ ಮಾಡಲಾಗದು ಎಂದು ಹೇಳಿ ಟಾಟಾ ಮೋಟಾರ್ಸನ್ನು ಬಿಟ್ಟಿತು. ಡೀಲರಿನ ಹೊಣೆ ಹಾಗೇ ಉಳಿಯಿತು. ಅಂದರೆ ಮುಖ್ಯವಾಗಿ ಉತ್ತರ ಕೊಡಬೇಕಾದವರು ನಿಮಗೆ ಬಿಲ್ಲು ಕೊಟ್ಟವರು. ಅವರು "ಕಂಪನಿಯವರನ್ನು ಕೇಳಿ" ಎಂದು ಜಾರಿಕೊಳ್ಳಲು ಬಿಡಬೇಡಿ. ಕಂಪನಿಗೂ ನೀವು ಪತ್ರ ಬರೆದು ತಿಳಿಸಿದ್ದರೆ, ನಮಗೆ ಗೊತ್ತೇ ಇರಲಿಲ್ಲ ಎಂದು ಅವರೂ ಮುಂದೆ ಸುಲಭವಾಗಿ ಹೇಳಲಾಗದು.

ಉತ್ತರ ಬಾರದಿದ್ದರೆ

1915ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ದೂರನ್ನು ಬರೆದುಕೊಂಡು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ, ನಿಮಗೆ ಒಂದು ದೂರಿನ ನಂಬರ್ ಕೊಡುತ್ತಾರೆ. ಇವರು ತೀರ್ಪು ಕೊಡುವವರಲ್ಲ. ಆದರೂ ಇಲ್ಲೇ ಮುಗಿಯುವ ದೂರುಗಳು ಇವೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ನಮ್ಮ ಮೂರೂ ತಾಲ್ಲೂಕಿನವರಿಗೆ ಇದು ಚಾಮರಾಜನಗರದಲ್ಲಿ. ಗಾಡಿಯನ್ನು ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೊಂಡಿದ್ದರೂ ಚಿಂತೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರು ಕೊಡುವವರು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 1986ರ ಹಳೆಯ ಕಾಯಿದೆಯಲ್ಲಿ ಈ ಅನುಕೂಲ ಇರಲಿಲ್ಲ. ಕೊಂಡ ಬೆಲೆ 5 ಲಕ್ಷ ರೂಪಾಯಿ ತನಕ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕೆಂದಿಲ್ಲ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಆಯೋಗ ಗಾಡಿ ಬದಲಾಯಿಸಲು, ಹಣವನ್ನು ಬಡ್ಡಿ ಸಮೇತ ವಾಪಸ್ ಕೊಡಲು, ನಷ್ಟ ಮತ್ತು ಖರ್ಚು ಕೊಡಲು ಆದೇಶ ಮಾಡಬಹುದು. ಪರೀಕ್ಷೆ ಬೇಡದ ಪ್ರಕರಣವನ್ನು 3 ತಿಂಗಳಲ್ಲಿ ಮುಗಿಸಬೇಕೆಂದು ಕಾಯಿದೆಯಲ್ಲಿದೆ. ನಿಜದಲ್ಲಿ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ, ಬಸ್ಸು ಹತ್ತಿ ಹತ್ತಿ ಬೇಸರವಾಗುತ್ತದೆ. ಇದನ್ನು ಮೊದಲೇ ತಿಳಿದು ಹೋಗಿ. ಮಧ್ಯಸ್ಥಿಕೆಯಲ್ಲಿ ರಾಜಿಗೆ ಕರೆದರೆ, ಬರುವ ಮೊತ್ತ ನ್ಯಾಯವಾಗಿದ್ದರೆ, ಒಪ್ಪಿಕೊಳ್ಳುವುದು ತಪ್ಪಲ್ಲ. ಆದರೆ ರಾಜಿಯೂ ಬರವಣಿಗೆಯಲ್ಲೇ ಇರಲಿ.

ಸಾಮಾನು ಸಾಗಿಸುವ ಆಟೋ, ಪ್ಯಾಸೆಂಜರ್ ಆಟೋ ಕೊಂಡವರಿಗೆ, "ನೀವು ವ್ಯಾಪಾರಕ್ಕೆ ಕೊಂಡಿದ್ದೀರಿ, ಗ್ರಾಹಕರಲ್ಲ" ಎಂದು ಹೆದರಿಸುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡಿದ್ದರೆ ನೀವು ಗ್ರಾಹಕರೇ. ತಾನೇ ಓಡಿಸಿ ಬದುಕಲು ಆಟೋ ಕೊಂಡವರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಸ್ಟೆಪ್ನಿ ಚಕ್ರ, ಟೂಲ್ ಕಿಟ್, ಹಿಂದಿನ ಬಾಡಿಯ ಅಳತೆ, ಕಂಪನಿಯದೇ ಸಿಎನ್‌ಜಿ ಕಿಟ್ಟೋ ಹೊರಗೆ ಹಾಕಿಸಿದ್ದೋ ಎಂಬುದನ್ನು ಅವರೂ ಬಿಲ್ಲಿನಲ್ಲಿ ನೋಡಬೇಕು.

ವಕೀಲರ ಸಹಾಯ ಬೇಕೆನಿಸಿದರೆ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಕೊಳ್ಳೇಗಾಲದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಈ ವರ್ಷ ಗಾಡಿ ಸಾಲ ಪಡೆದ ಸದಸ್ಯೆಯರು ಮುಂದಿನ ಸಭೆಗೆ ಬಿಲ್ಲು, ಆರ್‌ಸಿ, ಇನ್ಶೂರೆನ್ಸ್ ಮೂರರ ಜೆರಾಕ್ಸ್ ತನ್ನಿ. ಗಾಡಿಯನ್ನೂ ತಂದರೆ ಅಂಗಳದಲ್ಲೇ ನಿಲ್ಲಿಸಿ ಎಲ್ಲರೂ ಸೇರಿ ಚಾಸಿಸ್ ನಂಬರ್ ಹೋಲಿಸಿ ನೋಡಬಹುದು. ಹೊಸದಾಗಿ ಸಾಲಕ್ಕೆ ಅರ್ಜಿ ಹಾಕುವವರು ಕೊಟೇಶನ್‌ನಲ್ಲಿ ಮಾದರಿಯ ಪೂರ್ತಿ ಹೆಸರು ಬರೆಸಿಕೊಂಡು ಬನ್ನಿ. ಅದನ್ನು ಸಂಘದ ನಡವಳಿ ಪುಸ್ತಕದಲ್ಲೂ ಸಾಲದ ಮೊತ್ತದ ಪಕ್ಕದಲ್ಲಿ ಬರೆದಿಡೋಣ.